ಯೋಧರ ಓಲೆಗಳು

ನಮ್ಮ ನಾಡಿನ ವೀರಗಲ್ಲುಗಳು ಕಾದಿ ಮಡಿದವನ ಹೆಸರನ್ನೂ ಕಾಳಗದ ಹೆಸರನ್ನೂ ಹೇಳುತ್ತವೆ. ಸುಮಾರು ಕ್ರಿ.ಶ. ೮೯೦ರದೆಂದು ವಿದ್ವಾಂಸರು ಎಣಿಸುವ ಬೇಗೂರಿನ ಕಲ್ಲು ಬೆಂಗಳೂರಿನ ಕಾಳಗವನ್ನು ಹೆಸರಿಸಿ ಪ್ರಸಿದ್ಧವಾಗಿದೆ. ಆದರೆ ಕಲ್ಲು ನಿಲ್ಲಿಸಿದವರು ಬದುಕಿ ಉಳಿದವರು. ಮಡಿದವನು ಹಿಂದಿನ ರಾತ್ರಿ ಯಾರನ್ನು ನೆನೆದನು, ಯಾವುದಕ್ಕೆ ಅಂಜಿದನು ಎಂಬುದು ಅದರಲ್ಲಿಲ್ಲ. ಅದನ್ನು ತಿಳಿಯಲು ಯೋಧನೇ ಬರೆದ, ಇಲ್ಲವೆ ಬರೆಯಿಸಿದ ಓಲೆ ಬೇಕು.

ಅಂತಹ ಓಲೆಗಳ ಒಂದು ದೊಡ್ಡ ರಾಶಿ ವಿಚಿತ್ರವಾದ ರೀತಿಯಲ್ಲಿ ಉಳಿದು ಬಂದಿದೆ. ಮೊದಲನೆಯ ಮಹಾಯುದ್ಧದಲ್ಲಿ, ೧೯೧೪ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ, ಭಾರತದ ದಂಡು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯಿತು. ಅದರಲ್ಲಿ ಬಹುಮಂದಿ ಪಂಜಾಬ, ಗಢವಾಲ, ನೇಪಾಳ, ವಾಯವ್ಯ ಗಡಿನಾಡುಗಳ ರೈತರ ಮಕ್ಕಳು. ಅವರು ಊರಿಗೆ ಬರೆಯುತ್ತಿದ್ದ ಕಾಗದಗಳಲ್ಲಿ ಅಸಮಾಧಾನದ ಮಾತೇನಾದರೂ ಉಂಟೋ ಎಂದು ನೋಡಲು ಬ್ರಿಟಿಷ್ ಅಧಿಕಾರಿಗಳು ಬುಲೋನ್ ಪಟ್ಟಣದಲ್ಲಿ ಪರಿಶೋಧನೆಯ ಕಚೇರಿಯೊಂದನ್ನು ನಡೆಸಿದರು. ಅದರ ಮೊದಲ ಮುಖ್ಯಾಧಿಕಾರಿ ಹೊವೆಲ್ ಎಂಬವನು. ಆಯ್ದ ಪತ್ರಗಳ ಇಂಗ್ಲಿಷ್ ಅನುವಾದಗಳನ್ನು ವರದಿಗಳೊಡನೆ ಮೇಲಿನವರಿಗೆ ಕಳುಹಿಸಲಾಗುತ್ತಿತ್ತು. ಮೂಲಪತ್ರಗಳು ಹಳ್ಳಿಗಳನ್ನು ಸೇರಿ ಬಹುಮಟ್ಟಿಗೆ ಕಣ್ಮರೆಯಾದುವು. ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇವೆ. ೧೯೯೯ರಲ್ಲಿ ಡೇವಿಡ್ ಒಮಿಸ್ಸಿ ಎಂಬ ಇತಿಹಾಸಕಾರರು ಆಯ್ದ ಪತ್ರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಪ್ರೀತಿಯಿಂದ ಓದಿದವರ ಕೈಯಲ್ಲಿ ಅಳಿದದ್ದು ಸಂಶಯದಿಂದ ಓದಿದವರ ಕೈಯಲ್ಲಿ ಉಳಿಯಿತು!

ಇವನ್ನು ಯೋಧನ ನೇರ ನುಡಿಯೆಂದು ಸ್ವೀಕರಿಸಬಹುದೆ? ಗ್ರಂಥಸಂಪಾದನೆಯಲ್ಲಿ ಕೈಯಾಡಿಸಿದವರಿಗೆ ಈ ಪ್ರಶ್ನೆ ಹೊಸದಲ್ಲ. ಓದು ಬರಹ ಬಾರದ ಸಿಪಾಯಿ ಹೇಳಿದ್ದನ್ನು ಅಕ್ಷರಸ್ಥನಾದ ಸಂಗಡಿಗನು ಬರೆದನು. ಓಲೆಗರಿಯ ಲಿಪಿಕಾರನಂತೆ ಅವನೂ ತನ್ನ ವಾಡಿಕೆಯ ಮಾತುಗಳನ್ನು ಸೇರಿಸಿರಬೇಕು. ಬಳಿಕ ರೆಜಿಮೆಂಟಿನ ಅಧಿಕಾರಿ ನೋಡಿದನು. ಬುಲೋನಿನಲ್ಲಿ ಅದು ಇಂಗ್ಲಿಷಿಗೆ ತಿರುಗಿತು. ಇಷ್ಟು ಕೈ ದಾಟಿದ ಪಾಠವನ್ನು ಶುದ್ಧವೆನ್ನಲಾಗದು. ಹಾಗೆಂದು ತಳ್ಳಿಹಾಕುವುದೂ ಅವಿವೇಕ. ತಾನು ಬರೆದದ್ದನ್ನು ಪರರು ಓದುವರೆಂದು ಸಿಪಾಯಿಗೂ ತಿಳಿದಿತ್ತು. ಆದುದರಿಂದಲೇ ಒಬ್ಬನು ಕರಿಯ ಮೆಣಸು, ಕೆಂಪು ಮೆಣಸುಗಳ ಖರ್ಚುವೆಚ್ಚದ ಮಾತೆತ್ತಿ, ಭಾರತೀಯ ಸೈನಿಕರು ಎಷ್ಟು ಅಳಿದರು, ಬಿಳಿಯರು ಎಷ್ಟು ಉಳಿದರು ಎಂಬುದನ್ನು ಸೂಚಿಸುತ್ತಾನೆ. ಅಲಂಕಾರಶಾಸ್ತ್ರವನ್ನು ಓದದವನ ಅನ್ಯೋಕ್ತಿ ಇದು! ಪರಿಶೋಧಕರು ಅದನ್ನು ಅರ್ಥಮಾಡಿಕೊಂಡರೆಂಬುದು ಬೇರೆ ಮಾತು. ಮತ್ತೆ ಕೆಲವರು ಮಹಾಭಾರತದ ಯುದ್ಧವನ್ನು ನೆನೆದಿದ್ದಾರೆ. "ಉಭಯಕುಶಲೋಪರಿ" ಎಂಬಂತಹ ವಾಡಿಕೆಯ ಮಾತುಗಳನ್ನು ದಾಟಿ, ವಾಡಿಕೆ ಮುರಿದ ಎಡೆಯಲ್ಲಿ ಕಣ್ಣಿಟ್ಟರೆ ಮನುಷ್ಯನ ದನಿ ಕೇಳುತ್ತದೆ.

ಮೈಸೂರು ಸಂಸ್ಥಾನದ ಅಶ್ವದಳ ಇದೇ ಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ತೀನುಗಳಲ್ಲಿ ಹೋರಾಡಿ, ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರದ ದಳದೊಡನೆ ಹೈಫಾ ಪಟ್ಟಣವನ್ನು ಗೆಲ್ಲುವುದರಲ್ಲಿ ಪಾಲುಗೊಂಡಿತು. ಆ ದಳ ಫ್ರಾನ್ಸಿಗೆ ಹೋಗಲಿಲ್ಲವಾದ್ದರಿಂದ ಬುಲೋನಿನ ವರದಿಗಳಲ್ಲಿ ಅವರನ್ನು ಹುಡುಕಿ ಫಲವಿಲ್ಲ. ಬೆಂಗಳೂರಿನಲ್ಲಿ ಅವರ ಸ್ಮಾರಕಸ್ತಂಭವಿದೆ. ಅವರ ಓಲೆಗಳೇನಾದರೂ ಉಳಿದಿದ್ದರೆ ಮೊಮ್ಮಕ್ಕಳ ಮನೆಯ ಅಟ್ಟದಲ್ಲಿಯೋ ಹಳೆಯ ಪೆಟ್ಟಿಗೆಯಲ್ಲಿಯೋ ಇರಬೇಕು.

೧೯೬೨, ೧೯೬೫, ೧೯೭೧ರ ಯುದ್ಧಗಳಿಗೆ ಹೋಗಿದ್ದವರ ಕಾಗದಗಳೂ ಹಾಗೆಯೇ ಇವೆ. ನಮ್ಮ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಅಂತಹವು ಇದ್ದರೆ ಕೆಲವು ಎಚ್ಚರಿಕೆಗಳು ಅವಶ್ಯ. ಲಕೋಟೆಯನ್ನು ಎಸೆಯಬಾರದು. ಸೈನ್ಯದ ಅಂಚೆಯಲ್ಲಿ ಊರಿನ ಹೆಸರಿರುವುದಿಲ್ಲ, ೫೬ ಎ.ಪಿ.ಒ. ಎಂಬಂತಹ ಸಂಖ್ಯೆ ಮಾತ್ರ; ಆ ಸಂಖ್ಯೆಯೂ ಮುದ್ರೆಯ ದಿನಾಂಕವೂ ಮುಂದೆ ಶೋಧಿಸುವವನಿಗೆ ದಾರಿ ತೋರುತ್ತವೆ. ಹರಿದ ಕಡೆ ಅಂಟುಪಟ್ಟಿ ಹಚ್ಚಬಾರದು; ಅದರ ಅಂಟು ಕಾಲಕ್ರಮದಲ್ಲಿ ಕಾಗದವನ್ನೇ ಕೆಡಿಸುತ್ತದೆ. ಓಲೆಗರಿಗೆ ಎಣ್ಣೆ ಸವರುವ ನಮ್ಮ ಪದ್ಧತಿ ಕಾಗದಕ್ಕೆ ಸಲ್ಲದು. ಕಾಗುಣಿತವನ್ನು ತಿದ್ದುವ ಚಪಲ ನಮ್ಮಂತಹ ಪಂಡಿತರಿಗೆ ಸಹಜ, ಆದರೆ ಒಂದಕ್ಷರವನ್ನೂ ಮುಟ್ಟಬಾರದು. ಪತ್ರದಲ್ಲಿ ಬರುವ ಅಡ್ಡಹೆಸರು ಯಾರದು, "ಆ ಸಾಲ" ಎಂದರೆ ಯಾವ ಸಾಲ ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ, ಬೇರೊಂದು ಹಾಳೆಯಲ್ಲಿ ಬರೆದು, ಅದೇ ಕಟ್ಟಿನಲ್ಲಿ ಇಡುವುದು.