ಮೊದಲು ರಟ್ಟು, ಆಮೇಲೆ ಉಕ್ಕು

1932ರ ಫೋರ್ಡ್ ಕಾರಿನ ಚಾಸಿಗೂ ಷೆವ್ರೊಲೆ ಕಂಪನಿಯ 350 ಕ್ಯೂಬಿಕ್ ಇಂಚಿನ ವಿ-8 ಎಂಜಿನ್ನಿಗೂ ಹುಟ್ಟಿನಿಂದ ಬಂದ ನೆಂಟಸ್ತನ ಯಾವುದೂ ಇಲ್ಲ. ಆ ಎಂಜಿನ್ ಮಾರುಕಟ್ಟೆಗೆ ಬಂದದ್ದು 1967ರಲ್ಲಿ. ಚಾಸಿ ಅದಕ್ಕಿಂತ 35 ವರ್ಷ ಹಿರಿಯದು. ಒಂದರ ಬೋಲ್ಟಿನ ತೂತಿಗೆ ಇನ್ನೊಂದರ ತೂತು ಎದುರಾಗುವುದೇ ಇಲ್ಲ. ಆದರೂ ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲಿ ಸ್ಟ್ರೀಟ್ ರಾಡ್ ಕಟ್ಟುವವರು ಈ ಸಂಬಂಧವನ್ನೇ ಹೆಚ್ಚಾಗಿ ಕುದುರಿಸುತ್ತಾರೆ. ನಡುವೆ ನಿಂತು ಮದುವೆ ಮಾಡಿಸುವುದು ಅಂಗೈಯಗಲದ ಎರಡು ಉಕ್ಕಿನ ತುಂಡು: ಎಂಜಿನ್ ಮೌಂಟ್.

ಸಾಂಪ್ರದಾಯಿಕ ಲೆಕ್ಕದಲ್ಲಿ ಸ್ಟ್ರೀಟ್ ರಾಡ್ ಎಂದರೆ 1948 ಅಥವಾ ಅದಕ್ಕೂ ಹಿಂದಿನ ಕಾರಿನ ಮೈಯೊಳಗೆ ಈಚಿನ ಎಂಜಿನ್, ಬ್ರೇಕ್, ಸಸ್ಪೆನ್ಷನ್ ಇಟ್ಟು ರಸ್ತೆಯಲ್ಲಿ ಓಡಿಸುವ ಗಾಡಿ. ಇದರ ಮೂಲ ಕ್ಯಾಲಿಫೋರ್ನಿಯಾದ ಮುರಾಕ್, ಎಲ್ ಮಿರಾಜ್ ಎಂಬ ಒಣಕೆರೆಗಳ ವೇಗದ ಸ್ಪರ್ಧೆಗಳಲ್ಲಿದೆ. ಅವುಗಳನ್ನು ನಡೆಸುವ ಸಂಘ ಹುಟ್ಟಿದ್ದು 1937ರಲ್ಲಿ. ಅಂದಿನ ಹುಡುಗರು 1932ರ ಫೋರ್ಡ್‌ಗೆ ಮುಗಿಬಿದ್ದದ್ದಕ್ಕೆ ಕಾರಣ ಅಗ್ಗದ ಬೆಲೆಗೆ ಸಿಕ್ಕ 65 ಅಶ್ವಶಕ್ತಿಯ ವಿ-8. ಇಂದಿನವರು ಅದರ ಮೈಕಟ್ಟಿಗೆ ಮರುಳಾಗಿ ಎಂಜಿನ್ನನ್ನೇ ತೆಗೆದುಹಾಕುತ್ತಾರೆ.

ಈ ಜೋಡಿ ತೀರಾ ಬಳಕೆಯದ್ದಾದ್ದರಿಂದ ತಯಾರಾದ ಮೌಂಟುಗಳೂ ಸಿಗುತ್ತವೆ. ಆದರೆ ತೊಂಬತ್ತು ವರ್ಷ ದಾಟಿದ ಚಾಸಿ ಎಲ್ಲೋ ಬಾಗಿರುತ್ತದೆ, ಯಾರೋ ಅಡ್ಡಪಟ್ಟಿ ಬದಲಿಸಿರುತ್ತಾರೆ, ನೀವು ಆರಿಸಿದ ಸ್ಟೀರಿಂಗ್ ಬೇರೆಯದಿರುತ್ತದೆ. ಆಗ ಸ್ವಂತಕ್ಕೆ ಮಾಡಿಕೊಳ್ಳುವುದೇ ದಾರಿ. ಇಂಥ ಬಿಡಿಭಾಗ ಮೇಜಿನ ಮೇಲೆ ಹುಟ್ಟುವುದಿಲ್ಲ, ಕಾರಿನ ಮೇಲೆ ಹುಟ್ಟುತ್ತದೆ. ಕತ್ತರಿಸಿ ಬೆಸೆಯಲು ಒಂದು ಮಧ್ಯಾಹ್ನ ಸಾಕು. ಅಳೆಯಲು ವಾರಗಳೇ ಹಿಡಿಯಬಹುದು.

ಚಾಸಿಯನ್ನು ಸ್ಟ್ಯಾಂಡುಗಳ ಮೇಲೆ, ರಸ್ತೆಯಲ್ಲಿ ನಿಲ್ಲುವ ಎತ್ತರಕ್ಕೇ ಏರಿಸಿ ರಸಮಟ್ಟ ಇಟ್ಟು ಸರಿಪಡಿಸಬೇಕು. ಮುಂದಿನ ಟೈರು ಹಿಂದಿನದಕ್ಕಿಂತ ಚಿಕ್ಕದಾದರೆ ಚಾಸಿ ಮೂತಿ ತಗ್ಗಿಸಿ ನಿಲ್ಲುತ್ತದೆ. ಆ ಇಳಿಜಾರನ್ನೂ ಉಳಿಸಿಕೊಳ್ಳಬೇಕು. ಚೌಕಟ್ಟಿನ ನಾಲ್ಕು ಬಿಂದುಗಳಿಂದ ತೂಕದ ಗುಂಡು ಇಳಿಬಿಟ್ಟು ನೆಲಕ್ಕೆ ಗುರುತು ಹಾಕಿ ಎರಡೂ ಕರ್ಣಗಳನ್ನು ಅಳೆಯಿರಿ. ಮನೆಯ ಪಾಯ ತೆಗೆಯುವ ಗಾರೆಯವರು ಮಾಡುವುದೂ ಇದನ್ನೇ. ಕರ್ಣಗಳು ಸಮನಾಗದಿದ್ದರೆ ಚಾಸಿ ವಕ್ರವಾಗಿದೆ. ವಕ್ರ ಚಾಸಿಗೆ ನೇರ ಮೌಂಟ್ ಮಾಡಿ ಪ್ರಯೋಜನವಿಲ್ಲ.

ಆಮೇಲೆ ಎಂಜಿನ್ ತೂಗುಹಾಕುವುದು. ಪೂರ್ತಿ ಎಂಜಿನ್ ಬೇಡ. ಬರಿಯ ಬ್ಲಾಕ್, ಹೆಡ್, ಗೇರ್‌ಬಾಕ್ಸ್‌ನ ಖಾಲಿ ಕವಚ ಸಾಕು. ಅಳತೆಗೆಂದೇ ಮಾಡಿದ ಪ್ಲಾಸ್ಟಿಕ್ ಬ್ಲಾಕುಗಳೂ ಸಿಗುತ್ತವೆ, ಒಬ್ಬನೇ ಎತ್ತಿ ಇಡಬಹುದು. ಮೊದಲ ಜಗಳ ಹಿಂಬದಿಯಲ್ಲಿ. ಈ ಷೆವ್ರೊಲೆಯ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಬೆನ್ನಿಗಿದೆ, ಅದು ಡ್ಯಾಶಿನ ಮುಂದಿನ ತಗಡು ಗೋಡೆಗೆ ತಾಗುತ್ತದೆ. ಎಂಜಿನ್ ಮುಂದಕ್ಕೆ ಸರಿಸಿದರೆ ಫ್ಯಾನ್ ಹೋಗಿ ರೇಡಿಯೇಟರ್‌ಗೆ ತಾಗುತ್ತದೆ. ಗಿಡ್ಡ ಜಾತಿಯ ವಾಟರ್ ಪಂಪ್ ಹಾಕಿ ಸ್ವಲ್ಪ ಜಾಗ ಗಳಿಸಬಹುದು, ಇಲ್ಲವೇ ಗೋಡೆಯ ತಗಡನ್ನು ಒಳಕ್ಕೆ ತಗ್ಗಿಸಬೇಕು. ಸ್ಟೀರಿಂಗ್ ದಂಡಕ್ಕೆ ಎಡೆ ಬೇಕೆಂದು ಎಂಜಿನ್ನನ್ನು ಒಂದಿಷ್ಟು ಬಲಕ್ಕೆ ಸರಿಸುವವರೂ ಇದ್ದಾರೆ. ಅಮೆರಿಕದಲ್ಲಿ ಚಾಲಕ ಕೂರುವುದು ಎಡಕ್ಕೆ.

ಇನ್ನು ಕೋನ. ಕಾರ್ಬುರೇಟರ್ ಕೂರುವ ಪೀಠ ಮಟ್ಟವಾಗುವಂತೆ ನಿಲ್ಲಿಸಿದರೆ ಎಂಜಿನ್ ತಾನಾಗಿ ಹಿಂದಕ್ಕೆ ಸುಮಾರು 3 ಡಿಗ್ರಿ ತಗ್ಗುತ್ತದೆ. ಹಿಂದಿನ ಆಕ್ಸಲ್‌ನ ಪಿನಿಯನ್ ಮೂತಿ ಅಷ್ಟೇ ಡಿಗ್ರಿ ಮೇಲೆ ನೋಡಬೇಕು, ಅಂದರೆ ಎರಡೂ ಗೆರೆಗಳು ಸಮಾನಾಂತರವಾಗಬೇಕು. ಯೂನಿವರ್ಸಲ್ ಜಾಯಿಂಟ್ ಕೋನದಲ್ಲಿ ತಿರುಗುವಾಗ ಒಂದೇ ವೇಗ ಕಾಯುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ಓಡುತ್ತದೆ, ಎರಡು ಸಲ ಹಿಂಜರಿಯುತ್ತದೆ. ಮುಂದಿನ ಜಾಯಿಂಟ್ ಮಾಡಿದ ಈ ತಪ್ಪನ್ನು ಹಿಂದಿನದು ಅದೇ ಕೋನದಲ್ಲಿ ತಿರುಗಿ ಅಳಿಸಿಹಾಕುತ್ತದೆ. ಕೋನಗಳು ಬೇರೆಬೇರೆಯಾದರೆ ನಡುಕ ಉಳಿಯುತ್ತದೆ, ಎಷ್ಟು ದುಬಾರಿ ಟೈರು ಹಾಕಿದರೂ ಹೋಗುವುದಿಲ್ಲ. ಹಾಗೆಂದು ಕೋನವನ್ನು ಸೊನ್ನೆ ಮಾಡಿದರೂ ಕೆಟ್ಟದ್ದೇ: ಜಾಯಿಂಟಿನೊಳಗಿನ ಸೂಜಿ ಬೇರಿಂಗುಗಳು ಉರುಳದೆ ನಿಂತಲ್ಲೇ ಗುಳಿ ಬೀಳಿಸುತ್ತವೆ.

ಎಂಜಿನ್ ಎಲ್ಲಿ ನಿಲ್ಲಬೇಕೆಂದು ತೀರ್ಮಾನವಾದ ಮೇಲೆ ಕೈಗೆ ಬರುವುದು ಗ್ರೈಂಡರ್ ಅಲ್ಲ, ಬೆಳಗಿನ ತಿಂಡಿಯ ರಟ್ಟಿನ ಡಬ್ಬಿ. ಕ್ಯಾಡ್ ಎಂದರೆ ಇಲ್ಲಿ ಕಂಪ್ಯೂಟರ್ ಅಲ್ಲ, ‘ಕಾರ್ಡ್‌ಬೋರ್ಡ್ ಏಡೆಡ್ ಡಿಸೈನ್’ ಎನ್ನುವುದು ಈ ಗ್ಯಾರೇಜುಗಳ ಹಳೇ ತಮಾಷೆ. ಬ್ಲಾಕಿನ ಪಕ್ಕದಲ್ಲಿ ತ್ರಿಕೋನವಾಗಿ ಮೂರು ತೂತುಗಳಿವೆ. ರಟ್ಟನ್ನು ಅಲ್ಲಿ ಒತ್ತಿ ಬೆರಳಾಡಿಸಿದರೆ ಗುರುತು ಮೂಡುತ್ತದೆ. ಚಾಸಿಯ ಕಡೆ ಇನ್ನೊಂದು ರಟ್ಟು, ನಡುವೆ ರಬ್ಬರ್ ಬುಷ್ ಕೂರುವ ನಳಿಕೆ. ಕತ್ತರಿಸಿ, ಮಡಚಿ, ಟೇಪು ಹಚ್ಚಿ, ಸರಿಬಾರದಿದ್ದರೆ ಬಿಸಾಡಿ ಮತ್ತೊಂದು. ಐದಾರು ರಟ್ಟು ಕೆಡದೆ ಒಳ್ಳೆಯ ಮೌಂಟ್ ಆಗುವುದಿಲ್ಲ. ರಟ್ಟು ಕೆಟ್ಟರೆ ದುಡ್ಡು ಹೋಗುವುದಿಲ್ಲವಲ್ಲ.

ಮೌಂಟಿಗೆ ಕಾಲಿಂಚು, ಅಂದರೆ ಸುಮಾರು 6 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ತಟ್ಟೆ ಸಾಕು. ದಪ್ಪವೇ ಬಲ ಎಂದುಕೊಳ್ಳುವುದು ಹೊಸಬರ ತಪ್ಪು. ಒಂಟಿ ತಟ್ಟೆ ಎಷ್ಟೇ ದಪ್ಪವಿದ್ದರೂ ಪಕ್ಕಕ್ಕೆ ಬಾಗುತ್ತದೆ. ಅಂಚಿಗೆ ಒಂದು ಮಡಿಕೆ ಅಥವಾ ಮೂಲೆಗೆ ತ್ರಿಕೋನದ ಆಸರೆ ಕೊಟ್ಟರೆ ತೆಳುವಾದದ್ದೂ ಜಗ್ಗುವುದಿಲ್ಲ. ಬೋಲ್ಟನ್ನು ಒಂದೇ ಕಿವಿಯಿಂದ ನೇತುಹಾಕಬಾರದು, ಎರಡು ಕಿವಿಗಳ ನಡುವೆ ಹಿಡಿಯಬೇಕು. ಒಳಮೂಲೆಗಳಿಗೆ ಮೊದಲು ಡ್ರಿಲ್ಲಿನಿಂದ ತೂತು ಕೊರೆದು ಆಮೇಲೆ ತೂತಿನವರೆಗೆ ಕತ್ತರಿಸಿ. ಚೂಪು ಮೂಲೆಯಲ್ಲೇ ಬಿರುಕು ಹುಟ್ಟುವುದು.

ರಬ್ಬರ್ ಹರಿದುಹೋದರೂ ಎಂಜಿನ್ ಜಾಗ ಬಿಡದಂತೆ ಮೌಂಟ್ ಇರಬೇಕು ಎಂಬುದು ಮರೆಯಬಾರದ ನಿಯಮ. ಎಕ್ಸಿಲರೇಟರ್ ಒತ್ತಿದಾಗ ಈ ಎಂಜಿನ್ನಿನ ಎಡಪಕ್ಕ ಮೇಲಕ್ಕೇಳಲು ನೋಡುತ್ತದೆ. ಅಂದಿನ ಷೆವ್ರೊಲೆ ಕಾರುಗಳಲ್ಲಿ ರಬ್ಬರ್ ಕಿತ್ತುಬಂದು, ಎಂಜಿನ್ ಎದ್ದು, ಎದ್ದ ಎಂಜಿನ್ ಥ್ರಾಟಲನ್ನು ತಾನೇ ಎಳೆದುಕೊಂಡ ಪ್ರಸಂಗಗಳು ನಡೆದವು. 1971ರಲ್ಲಿ ಜನರಲ್ ಮೋಟರ್ಸ್ ಸುಮಾರು 67 ಲಕ್ಷ ಗಾಡಿಗಳನ್ನು ವಾಪಸು ಕರೆಯಬೇಕಾಯಿತು. ನಳಿಕೆಯೊಳಗೆ ರಬ್ಬರ್, ರಬ್ಬರಿನ ನಡುವೆ ಹಾದುಹೋಗುವ ಉದ್ದ ಬೋಲ್ಟು ಇರುವ ಮೌಂಟಾದರೆ ಈ ಭಯವಿಲ್ಲ. ರಬ್ಬರ್ ಸತ್ತರೂ ಬೋಲ್ಟು ನಳಿಕೆಯಿಂದ ತಪ್ಪಿಸಿಕೊಳ್ಳಲಾರದು.

ಬೆಸುಗೆಯ ಹೊತ್ತಿಗೆ ಎಲ್ಲರಿಗೂ ಅವಸರ. ದರ್ಜಿ ಮೊದಲು ಕಚ್ಚಾ ಹೊಲಿಗೆ ಹಾಕಿ ಅಂಗಿ ತೊಡಿಸಿ ನೋಡುತ್ತಾನಲ್ಲ, ಹಾಗೆ ಇಲ್ಲಿ ಟ್ಯಾಕ್: ಕಡಲೆಕಾಳಿನಷ್ಟು ಬೆಸುಗೆಯ ಚುಕ್ಕೆ, ಬೇಡವಾದರೆ ಗ್ರೈಂಡರ್ ಮುಟ್ಟಿಸಿದರೆ ಬಿಟ್ಟುಕೊಳ್ಳುವಂಥದ್ದು. ಟ್ಯಾಕ್ ಮೇಲೇ ಎಂಜಿನ್ ಕೂರಿಸಿ, ಸ್ಟೀರಿಂಗ್ ದಂಡ, ಎಕ್ಸಾಸ್ಟ್ ಕೊಳವೆ, ಕ್ಲಚ್ ಎಲ್ಲವನ್ನೂ ಜೋಡಿಸಿ ನೋಡಬೇಕು. ನಾನು ಮೊದಲ ಸಲ ಎಡದ ಮೌಂಟನ್ನು ಪೂರ್ತಿ ಬೆಸೆದು, ಬೆಸುಗೆ ಎಷ್ಟು ಚೆಂದ ಬಂದಿದೆ ಎಂದು ಫೋಟೊ ಸಹ ತೆಗೆದೆ. ಮಾರನೆಯ ವಾರ ಸ್ಟೀರಿಂಗ್ ದಂಡ ತಂದಿಟ್ಟರೆ ಅದು ನೇರವಾಗಿ ಆ ಚೆಂದದ ಬೆಸುಗೆಯೊಳಗೇ ಹೋಗಬೇಕಿತ್ತು. ಕತ್ತರಿಸಲು ಒಂದಿಡೀ ಭಾನುವಾರ ಹಿಡಿಯಿತು.

ಮನೆಯಲ್ಲಿ ಕಲಿಯಲು ಸುಲಭವಾದದ್ದು ಮಿಗ್ ಬೆಸುಗೆ. ಮೈಲ್ಡ್ ಸ್ಟೀಲಿಗೆ ಶೇ. 75 ಆರ್ಗಾನ್, ಶೇ. 25 ಕಾರ್ಬನ್ ಡೈಆಕ್ಸೈಡ್ ಬೆರೆತ ಅನಿಲ ರೂಢಿ. ಅಮೆರಿಕದ ಮನೆಯ 120 ವೋಲ್ಟ್ ಪ್ಲಗ್ಗಿನ ಸಣ್ಣ ಯಂತ್ರ ತಗಡಿಗೆ ಸರಿ, 6 ಮಿ.ಮೀ. ತಟ್ಟೆಯ ಮೇಲೆ ಅದರ ಬೆಸುಗೆ ನೋಡಲು ಅಂದವಾಗಿ, ಒಳಗೆ ಇಳಿಯದೆ, ಮೇಣದ ಹಾಗೆ ಮೇಲೆ ಕೂತಿರಬಹುದು. ಆದ್ದರಿಂದ ಅದೇ ದಪ್ಪದ ಎರಡು ಗುಜರಿ ತುಂಡು ಬೆಸೆದು, ವೈಸಿಗೆ ಕಚ್ಚಿಸಿ, ಸುತ್ತಿಗೆಯಿಂದ ಮುರಿಯುವವರೆಗೆ ಬಡಿಯಿರಿ. ತಟ್ಟೆ ಬಾಗಿದರೆ ಬೆಸುಗೆ ಒಳ್ಳೆಯದು. ಬೆಸುಗೆಯೇ ಸಿಪ್ಪೆಯಂತೆ ಎದ್ದುಬಂದರೆ ಮೌಂಟನ್ನು ಟ್ಯಾಕ್ ಮಾತ್ರ ಮಾಡಿ ಪಳಗಿದ ವೆಲ್ಡರ್ ಬಳಿಗೆ ಒಯ್ಯಿರಿ. ಅದರಲ್ಲಿ ಅವಮಾನವೇನಿಲ್ಲ.

ಮೌಂಟ್ ಕೂರುವ ಚಾಸಿಯ ಪಟ್ಟಿಯೂ ಗಟ್ಟಿಯಿರಬೇಕು. 1932ರ ಪಟ್ಟಿಯ ಒಳಮೈ ತೆರೆದಿರುತ್ತದೆ. ಬೆಂಕಿಪೊಟ್ಟಣದ ಒಳಗಿನ ತಟ್ಟೆಯನ್ನು ಹೊರತೆಗೆದು ತಿರುಚಿ, ಆಮೇಲೆ ಪೊಟ್ಟಣದೊಳಗೆ ತಳ್ಳಿ ತಿರುಚಿ ನೋಡಿ. ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ತೆರೆದ ಬದಿಗೆ 3 ಮಿ.ಮೀ. ತಟ್ಟೆ ಬೆಸೆದು ಮುಚ್ಚುವುದಕ್ಕೆ ಬಾಕ್ಸಿಂಗ್ ಎನ್ನುತ್ತಾರೆ. ಉದ್ದಕ್ಕೂ ಒಂದೇ ಉಸಿರಿಗೆ ಬೆಸೆದರೆ ಪಟ್ಟಿ ಬಾಳೆಹಣ್ಣಾಗುತ್ತದೆ, ಏಕೆಂದರೆ ಆರುವ ಬೆಸುಗೆ ಕುಗ್ಗುತ್ತದೆ, ಕುಗ್ಗುವಾಗ ಎಳೆಯುತ್ತದೆ. ಇಲ್ಲೊಂದು ಇಂಚು, ಅಲ್ಲೊಂದು ಇಂಚು, ನಡುವೆ ಕಾಫಿ.

ಕಾರಿನ ನೆಲದ ತಗಡಿನದು ಬೇರೆಯದೇ ವಿದ್ಯೆ. ಅಲ್ಲಿ 18 ಗೇಜಿನ ತಗಡು, ಸುಮಾರು 1.2 ಮಿ.ಮೀ. ಮರಳುಚೀಲದ ಮೇಲೆ ಮರದ ಕೊಡತಿಯಿಂದ ಬಡಿದು ಉಬ್ಬು ತರುವುದು, ಬೆಸುಗೆ ಕುಗ್ಗಿಸಿದ ಜಾಗವನ್ನು ಹಿಂದೆ ಗುಂಡು ಹಿಡಿದು ತಟ್ಟಿ ಹಿಗ್ಗಿಸುವುದು ನಮ್ಮೂರ ಟಿಂಕರ್ ಕೆಲಸದವರಿಗೆ ಹೇಳಿಕೊಡಬೇಕಾದ್ದಲ್ಲ. ಅವರ ಕೈಗೆ ತಗಡಿಗೆ ಉಬ್ಬುಗೆರೆ ಮೂಡಿಸುವ ಬೀಡ್ ರೋಲರ್ ಕೊಟ್ಟರೆ ಬಹುಶಃ ಆಟಿಕೆ ಎಂದಾರು.

ಮಾಡಿಕೊಳ್ಳಬಾರದವುಗಳ ಪಟ್ಟಿ ಚಿಕ್ಕದು, ಅದರಲ್ಲಿ ರಿಯಾಯಿತಿಯಿಲ್ಲ. ಮುಂದಿನ ಚಕ್ರದ ಸ್ಪಿಂಡಲ್, ಸ್ಟೀರಿಂಗ್ ತೋಳು, ಬ್ರೇಕ್ ಕ್ಯಾಲಿಪರ್ ಇವನ್ನು ಕೊಳ್ಳಿ. ಕುಲುಮೆಯಲ್ಲಿ ಬಡಿದು ಹದಗೊಳಿಸಿದ ಉಕ್ಕಿಗೆ ಬೆಸುಗೆ ಹಾಕಿದರೆ ಆ ಹದ ಹೋಗುತ್ತದೆ. ಬ್ರೇಕಿನ ಎಣ್ಣೆಕೊಳವೆ ಬೇಕಾದರೆ ನೀವೇ ಬಗ್ಗಿಸಿ, ಆದರೆ ತಾಮ್ರದ ಮಾಮೂಲಿ ಕೊಳವೆ ಬೇಡ. ಉಕ್ಕು ಅಥವಾ ತಾಮ್ರ-ನಿಕ್ಕಲ್ ಮಿಶ್ರಲೋಹದ್ದು ಬೇಕು, ತುದಿಗೆ 45 ಡಿಗ್ರಿಯ ಎರಡು ಮಡಿಕೆಯ ಫ್ಲೇರ್. ಹೊಳಪಿನ ಆಸೆಗೆ ಗಟ್ಟಿ ಬೋಲ್ಟುಗಳಿಗೆ ಕ್ರೋಮ್ ಹಾಕಿಸುವವರು ಇದ್ದಾರೆ. ಲೇಪನದ ತೊಟ್ಟಿಯಲ್ಲಿ ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡಬಹುದು. ಕೂಡಲೇ ಒಲೆಯಲ್ಲಿ ಕಾಯಿಸಿ ಹೊರಹಾಕದಿದ್ದರೆ ಬೋಲ್ಟು ಒಂದು ದಿನ ಸದ್ದಿಲ್ಲದೆ ತುಂಡಾದೀತು.

ಉಸಿರಿನ ಬಗ್ಗೆ ಎರಡು ಮಾತು. ಸತುವಿನ ಲೇಪವಿರುವ ತಗಡನ್ನು ಉಜ್ಜದೆ ಬೆಸೆದರೆ ಆ ರಾತ್ರಿ ಚಳಿಜ್ವರ ಬರಬಹುದು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಉಕ್ಕಿಗೆ ಕಿಡಿ ತಾಗಿಸಿದರೆ ಫಾಸ್ಜೀನ್ ಹುಟ್ಟಬಹುದು. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅನಿಲ ಅದೇ.

ಇಷ್ಟು ಓದಿ ಹಳೆಯ ಅಂಬಾಸಡರ್ ಕಡೆ ಕಣ್ಣು ಹಾಯಿಸುವವರಿಗೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಇಂಥ ಗಾಡಿಯ ನೋಂದಣಿಗೆ ರಾಜ್ಯಕ್ಕೊಂದು ನಿಯಮವಿದೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗೆ ಅಡ್ಡ ನಿಲ್ಲುತ್ತದೆ. ತಯಾರಕರು ಕೊಟ್ಟ ಮೂಲ ವಿವರಗಳನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಎಲ್ಲ ಜೋಡಿಸಿ, ಎಲ್ಲ ಬಿಚ್ಚಿ, ಬಣ್ಣ ಹಚ್ಚಿ, ಮತ್ತೆ ಜೋಡಿಸಿದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿನವರೆಗೆ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಮೊದಲ ನೂರು ಮೈಲಿ ಓಡಿಸಿ ಬಂದು ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ. ಗೆರೆ ಮುರಿದಿದ್ದರೆ ಬೋಲ್ಟು ತಿರುಗಿದೆ. ರಟ್ಟುಗಳನ್ನು ಅಲ್ಲಿಯವರೆಗೂ ಎಸೆಯಬೇಡಿ. ಎಡ, ಬಲ, ಮುಂದೆ ಎಂದು ಬರೆದು ಮೊಳೆಗೆ ತೂಗುಹಾಕಿ. ಎಂಜಿನ್ ಒಂದಿಷ್ಟು ಬಲಕ್ಕೆ ಸರಿದಿರುವ ಕಾರಿನಲ್ಲಿ ಎಡದ ರಟ್ಟನ್ನು ಮಗುಚಿದರೆ ಬಲದ್ದಾಗುವುದಿಲ್ಲ.