ಮಾರ್ಮನ್ನರು ಮತ್ತು ನೈಸೀಯದ ಗೆರೆ

ಮಾರ್ಮನ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದವರೊಬ್ಬರು ಕ್ಯಾಥೊಲಿಕರಾಗಲು ಬಂದರೆ ಆ ಹಳೆಯ ದೀಕ್ಷಾಸ್ನಾನಕ್ಕೆ ಬೆಲೆ ಉಂಟೇ? ಈ ಪ್ರಶ್ನೆಗೆ ವ್ಯಾಟಿಕನ್ 2001ರ ಜೂನ್‌ನಲ್ಲಿ ಉತ್ತರ ಕೊಟ್ಟಿತು. ಮುಂದೆ ಹದಿನಾರನೆಯ ಬೆನೆಡಿಕ್ಟ್ ಎಂಬ ಹೆಸರಿನಲ್ಲಿ ಪೋಪ್ ಆದ ಕಾರ್ಡಿನಲ್ ರಾಟ್ಸಿಂಗರ್ ಸಹಿ ಹಾಕಿದ್ದ ಆ ಉತ್ತರ ‘ಇಲ್ಲ’ ಎಂಬುದಾಗಿತ್ತು. ಅದಕ್ಕೂ ಒಂದು ವರ್ಷ ಮೊದಲು ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆ ಕೂಡ ಮಾರ್ಮನ್ ಸಭೆಯಿಂದ ಬರುವವರಿಗೆ ಹೊಸದಾಗಿ ದೀಕ್ಷಾಸ್ನಾನ ಆಗಬೇಕು ಎಂದು ತೀರ್ಮಾನಿಸಿತ್ತು.

ಕ್ರೈಸ್ತ ಇತಿಹಾಸ ಬಲ್ಲವರಿಗೆ ಇದು ಸಣ್ಣ ತೀರ್ಪಲ್ಲ. ದೀಕ್ಷಾಸ್ನಾನದ ವಿಷಯದಲ್ಲಿ ರೋಮ್ ಬಹಳ ಉದಾರಿ. ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ ತನ್ನ ಕಾಲದ ಡೊನಾಟಿಸ್ಟರೆಂಬ ಒಡಕು ಪಂಗಡದೊಡನೆ ನಡೆಸಿದ ದೊಡ್ಡ ವಾದದ ನಂತರ ಒಂದು ನಿಲುವು ಗಟ್ಟಿಯಾಯಿತು. ನೀರು ಇರಬೇಕು, ತಂದೆ, ಮಗ, ಪವಿತ್ರಾತ್ಮನ ಹೆಸರು ಹೇಳಿರಬೇಕು, ಸಭೆ ಮಾಡುವುದನ್ನೇ ಮಾಡುವ ಉದ್ದೇಶ ಇರಬೇಕು. ಇಷ್ಟಿದ್ದರೆ ಸ್ನಾನ ಮಾಡಿಸಿದವರು ಭಿನ್ನಮತದವರಾದರೂ ಅದು ಸಲ್ಲುತ್ತದೆ. ನಮ್ಮಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು ಕ್ಯಾಥೊಲಿಕರಾದಾಗ ಮತ್ತೆ ದೀಕ್ಷಾಸ್ನಾನ ಕೊಡದಿರುವುದು ಈ ಕಾರಣಕ್ಕೇ. ಮಾರ್ಮನ್ನರು ಪೂರ್ತಿ ನೀರಿನಲ್ಲಿ ಮುಳುಗಿಸಿ, ಅದೇ ಮೂರು ಹೆಸರು ಹೇಳಿ ದೀಕ್ಷೆ ಕೊಡುತ್ತಾರೆ. ಹಾಗಿದ್ದೂ ರೋಮ್ ಒಪ್ಪಲಿಲ್ಲ. ಹೆಸರುಗಳು ಒಂದೇ ಆದರೂ ಆ ಹೆಸರಿನಿಂದ ಅವರು ಕರೆಯುವ ದೇವರ ಕಲ್ಪನೆ ಬೇರೆ ಎಂಬುದು ಅದರ ವಾದ.

ಇದು ಒಂದೇ ಕಡೆಯ ನಿರಾಕರಣೆಯಲ್ಲ. ಮಾರ್ಮನ್ ಸಭೆಯೂ ಬೇರೆ ಯಾವ ಸಭೆಯ ದೀಕ್ಷಾಸ್ನಾನವನ್ನೂ ಒಪ್ಪುವುದಿಲ್ಲ. ಕ್ಯಾಥೊಲಿಕ್, ಬ್ಯಾಪ್ಟಿಸ್ಟ್, ಆರ್ಥೊಡಾಕ್ಸ್ ಯಾರೇ ಸೇರಲು ಬಂದರೂ ಮತ್ತೆ ನೀರಿಗಿಳಿಯಬೇಕು. ಅದರ ಕಾರಣ ಆ ಸಭೆಯ ಹುಟ್ಟಿನಲ್ಲೇ ಇದೆ.

ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ ಹುಟ್ಟಿದ್ದು 1805ರಲ್ಲಿ, ಅಮೆರಿಕದ ವರ್ಮಾಂಟ್‌ನ ಬಡ ರೈತ ಕುಟುಂಬದಲ್ಲಿ. ಕುಟುಂಬ ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾಕ್ಕೆ ಬಂದಾಗ ಆ ಸೀಮೆಯಲ್ಲಿ ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಪ್ರೆಸ್ಬಿಟೇರಿಯನ್ ಬೋಧಕರ ಪೈಪೋಟಿ ಜೋರಾಗಿತ್ತು. ತಾಯಿ ಪ್ರೆಸ್ಬಿಟೇರಿಯನ್ನರ ಕಡೆ ಹೋದಳು. ಹುಡುಗನಿಗೆ ಯಾವುದು ಸರಿ ಎಂದು ತಿಳಿಯಲಿಲ್ಲ. 1820ರ ವಸಂತದಲ್ಲಿ ತೋಪಿನಲ್ಲಿ ಪ್ರಾರ್ಥಿಸುತ್ತಿದ್ದಾಗ ತಂದೆಯಾದ ದೇವರೂ ಯೇಸುವೂ ಇಬ್ಬರು ಬೇರೆ ಬೇರೆ ವ್ಯಕ್ತಿಗಳಾಗಿ ಪ್ರತ್ಯಕ್ಷರಾದರೆಂದೂ, ಯಾವ ಸಭೆಗೂ ಸೇರಬೇಡ ಎಂದರೆಂದೂ ಆತ 1838ರಲ್ಲಿ ಬರೆಸಿದ ವೃತ್ತಾಂತ ಹೇಳುತ್ತದೆ. ಆಮೇಲೆ ಮೊರೊನಿ ಎಂಬ ದೇವದೂತ ತೋರಿಸಿಕೊಟ್ಟ ಚಿನ್ನದ ತಗಡುಗಳಿಂದ ತಾನು ಅನುವಾದಿಸಿದೆನೆಂದು ಹೇಳಿದ ‘ಬುಕ್ ಆಫ್ ಮಾರ್ಮನ್’ 1830ರ ಮಾರ್ಚ್‌ನಲ್ಲಿ ಅಚ್ಚಾಯಿತು. ಏಪ್ರಿಲ್ 6ರಂದು ಸಭೆ ಸ್ಥಾಪನೆಯಾಯಿತು. ಕ್ರಿಸ್ತಪೂರ್ವ 600ರ ಸುಮಾರಿಗೆ ಜೆರುಸಲೇಮಿನಿಂದ ಅಮೆರಿಕ ಖಂಡಕ್ಕೆ ಬಂದ ಜನರ ಕತೆ ಆ ಪುಸ್ತಕದಲ್ಲಿದೆ. ಪುನರುತ್ಥಾನವಾದ ಕ್ರಿಸ್ತ ಅವರ ನಡುವೆ ಕಾಣಿಸಿಕೊಂಡದ್ದು ಅದರ ಶಿಖರ. ಸಭೆಯ ಹೊರಗಿನ ಇತಿಹಾಸಕಾರರು ಅದನ್ನು 19ನೇ ಶತಮಾನದ ಕೃತಿಯೆಂದೇ ಎಣಿಸುತ್ತಾರೆ.

ಪ್ರೊಟೆಸ್ಟೆಂಟ್ ಸುಧಾರಕ ಲೂಥರ್ ಮತ್ತು ಸ್ಮಿತ್ ಇಬ್ಬರೂ ತಮ್ಮ ಕಾಲದ ಸಭೆಯನ್ನು ತಿರಸ್ಕರಿಸಿದವರು. ಆದರೆ ಲೂಥರನ ಕಣ್ಣಿಗೆ ಸಭೆ ಕೆಟ್ಟಿತ್ತು, ತಿದ್ದಬೇಕಿತ್ತು. ಸ್ಮಿತ್‌ನ ಪ್ರಕಾರ ಅಪೊಸ್ತಲರು ಸತ್ತ ಮೇಲೆ ದೇವರ ಹೆಸರಿನಲ್ಲಿ ದೀಕ್ಷೆ ಕೊಡುವ ಅಧಿಕಾರವೇ ಭೂಮಿಯಿಂದ ಮರೆಯಾಗಿತ್ತು. ಇಲ್ಲದ ಅಧಿಕಾರವನ್ನು ತಿದ್ದಿ ಪಡೆಯಲಾಗದು. ಅದು ಮೇಲಿನಿಂದ ಮರಳಿ ಬರಬೇಕು. 1829ರಲ್ಲಿ ಸ್ನಾನಿಕ ಯೋಹಾನನೇ ಇಳಿದು ಬಂದು ಸ್ಮಿತ್‌ನ ತಲೆಯ ಮೇಲೆ ಕೈಯಿಟ್ಟ ಎಂದು ಮಾರ್ಮನ್ನರು ನಂಬುತ್ತಾರೆ. ಇದನ್ನು ನಂಬಿದವರಿಗೆ ಬೇರೆಯವರ ದೀಕ್ಷಾಸ್ನಾನ ಒಳ್ಳೆಯ ಮನಸ್ಸಿನಿಂದ ಮಾಡಿದ್ದಾದರೂ ಅಧಿಕಾರವಿಲ್ಲದ ಕ್ರಿಯೆಯಾಗಿ ಉಳಿಯುತ್ತದೆ.

ಈಗ ದೇವರ ವಿಷಯ. ಭಿನ್ನಾಭಿಪ್ರಾಯದ ಬೇರು ಇರುವುದು ಇಲ್ಲಿ.

325ರಲ್ಲಿ ಇಂದಿನ ತುರ್ಕಿಯ ನೈಸೀಯದಲ್ಲಿ ಬಿಷಪ್‌ಗಳು ಸೇರಿದರು. ಮಗ ತಂದೆಯಿಂದ ಸೃಷ್ಟಿಯಾದವನು, ಅವನಿಲ್ಲದ ಕಾಲವೊಂದಿತ್ತು ಎಂದು ಅಲೆಕ್ಸಾಂಡ್ರಿಯಾದ ಏರಿಯಸ್ ಬೋಧಿಸುತ್ತಿದ್ದ. ಅದನ್ನು ತಳ್ಳಿಹಾಕಿದ ಪರಿಷತ್ತು, ಮಗನು ತಂದೆಯೊಡನೆ ಒಂದೇ ಸಾರದವನು ಎಂದು ಸಾರಿತು. 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಪರಿಷತ್ತು ಪವಿತ್ರಾತ್ಮನ ಮಾತನ್ನು ತುಂಬಿತು. ಮೂವರು ವ್ಯಕ್ತಿಗಳು, ಒಂದೇ ದೈವಸಾರ: ಈ ತ್ರಯೇಕ ದೇವರ ತತ್ತ್ವವೇ ಕ್ಯಾಥೊಲಿಕರು, ಆರ್ಥೊಡಾಕ್ಸರು, ಬಹುತೇಕ ಪ್ರೊಟೆಸ್ಟೆಂಟರು ಜಗಳಗಳ ನಡುವೆಯೂ ಒಟ್ಟಿಗೆ ನಿಂತಿರುವ ನೆಲ.

ಮಾರ್ಮನ್ನರು ಆ ನೆಲದ ಮೇಲೆ ನಿಲ್ಲುವುದಿಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರು ಪ್ರತ್ಯೇಕರು. ಸಂಕಲ್ಪದಲ್ಲಿ, ಪ್ರೀತಿಯಲ್ಲಿ ಒಂದು, ಸಾರದಲ್ಲಲ್ಲ. ತಂದೆಗೆ ಮನುಷ್ಯನಂತೆ ಮಾಂಸ, ಮೂಳೆಗಳ ದೇಹವಿದೆ ಎಂದು ಅವರ ಧರ್ಮಗ್ರಂಥಗಳಲ್ಲೊಂದಾದ ‘ಡಾಕ್ಟ್ರಿನ್ ಅಂಡ್ ಕವನೆಂಟ್ಸ್’ ಹೇಳುತ್ತದೆ. ಆತ ಶೂನ್ಯದಿಂದ ಸೃಷ್ಟಿಸಲಿಲ್ಲ; ಮೊದಲೇ ಇದ್ದ ದ್ರವ್ಯವನ್ನು ಅಣಿಗೊಳಿಸಿದ. ಮನುಷ್ಯರೆಲ್ಲ ಹುಟ್ಟುವ ಮೊದಲೇ ಆತನ ಆತ್ಮಸಂತಾನವಾಗಿ ಬದುಕಿದ್ದರು, ಆ ಸಂತಾನದಲ್ಲಿ ಹಿರಿಯ ಮಗ ಯೇಸು. ಸ್ವರ್ಗದಲ್ಲಿ ತಂದೆಯ ಜೊತೆ ತಾಯಿಯೂ ಇದ್ದಾಳೆ. ಆದಾಮನ ಪಾಪದ ಹೊರೆ ಹೊತ್ತು ಯಾರೂ ಹುಟ್ಟುವುದಿಲ್ಲ. ಆದಾಮ, ಹವ್ವರು ಹಣ್ಣು ತಿಂದದ್ದು ಮನುಷ್ಯಕುಲದ ಮುನ್ನಡೆಗೆ ಬೇಕಾಗಿದ್ದ ಹೆಜ್ಜೆ.

1844ರ ಏಪ್ರಿಲ್‌ನಲ್ಲಿ, ಇಲಿನಾಯ್‌ನ ನೌವೂ ಪಟ್ಟಣದಲ್ಲಿ, ಸ್ಮಿತ್ ಮಾಡಿದ ಶವಸಂಸ್ಕಾರದ ಪ್ರವಚನ ಇನ್ನೂ ಮುಂದೆ ಹೋಯಿತು. ದೇವರೂ ಒಂದು ಕಾಲಕ್ಕೆ ಮನುಷ್ಯನಾಗಿದ್ದ, ಮನುಷ್ಯರೂ ದೇವರಂತಾಗಬಲ್ಲರು ಎಂದು ಆತ ಬೋಧಿಸಿದ. ಮೂರು ತಿಂಗಳೊಳಗೇ, ಜೂನ್ 27ರಂದು, ಕಾರ್ಥೇಜ್ ಜೈಲಿಗೆ ನುಗ್ಗಿದ ಗುಂಪು ಆತನನ್ನೂ ಅಣ್ಣ ಹೈರಮ್‌ನನ್ನೂ ಗುಂಡಿಟ್ಟು ಕೊಂದಿತು. ಮನುಷ್ಯನ ದೈವೀಕರಣದ ಮಾತು ಹಳೆಯ ಸಭೆಗೆ ಹೊಸದೇನಲ್ಲ ಎಂದು ಮಾರ್ಮನ್ ವಿದ್ವಾಂಸರು ನಾಲ್ಕನೇ ಶತಮಾನದ ಅಥನಾಸಿಯಸ್‌ನನ್ನೂ ಪೂರ್ವದ ಆರ್ಥೊಡಾಕ್ಸ್ ಪರಂಪರೆಯನ್ನೂ ತೋರಿಸುತ್ತಾರೆ. ಹೋಲಿಕೆ ನಿಜ, ಆದರೆ ಅದು ಪೂರ್ತಿ ಹೊಂದುವುದಿಲ್ಲ. ಅಥನಾಸಿಯಸ್‌ನ ಪಾಲಿಗೆ ಸೃಷ್ಟಿಸಿದವನು ಮತ್ತು ಸೃಷ್ಟಿಯಾದವರು ಎಂದೂ ಬೇರೆಯೇ. ಕೃಪೆಯಿಂದ ಮನುಷ್ಯ ದೇವರ ಬದುಕಿನಲ್ಲಿ ಪಾಲು ಪಡೆಯುತ್ತಾನೆ ಅಷ್ಟೆ. ಸ್ಮಿತ್‌ನ ಬೋಧನೆಯಲ್ಲಿ ದೇವರೂ ಮನುಷ್ಯನೂ ಒಂದೇ ಜಾತಿಯವರು, ದಾರಿಯಲ್ಲಿ ಹಿಂದೆ ಮುಂದೆ ಇದ್ದಾರೆ. ಈ ಅಂತರ ಚಿಕ್ಕದೆಂದು ಹೇಳುವುದು ಸೌಜನ್ಯದಂತೆ ಕಂಡರೂ ಎರಡೂ ಕಡೆಯವರ ನಂಬಿಕೆಗೆ ಮಾಡುವ ಅನ್ಯಾಯ.

ಉಳಿದ ಕ್ರೈಸ್ತರಿಗೆ ಬೈಬಲ್ ಮುಗಿದ ಗ್ರಂಥ. ಮಾರ್ಮನ್ನರಿಗೆ ದೇವರ ಮಾತು ಇನ್ನೂ ನಿಂತಿಲ್ಲ. ಸಭೆಯ ಅಧ್ಯಕ್ಷರನ್ನು ಅವರು ಪ್ರವಾದಿ ಎಂದೇ ನಂಬುತ್ತಾರೆ. ಈ ನಂಬಿಕೆಯಿಂದ ದೊಡ್ಡ ತಿರುವುಗಳೂ ಸಾಧ್ಯವಾದವು. 1852ರಲ್ಲಿ ಬಹಿರಂಗವಾಗಿ ಸಾರಿದ್ದ ಬಹುಪತ್ನಿತ್ವವನ್ನು, ಅಮೆರಿಕ ಸರ್ಕಾರದ ಒತ್ತಡ ಬಿಗಿಯಾದಾಗ, 1890ರಲ್ಲಿ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಕೈಬಿಡುವ ಪ್ರಕಟಣೆ ಹೊರಡಿಸಿದ. ಕಪ್ಪು ಜನಾಂಗದ ಪುರುಷರ ಯಾಜಕ ಪದವಿಗೆ ಇದ್ದ ತಡೆ ತೆಗೆದದ್ದು 1978ರಲ್ಲಿ. ಅಷ್ಟು ತಡವಾದದ್ದು ಆ ಸಭೆಯ ಇತಿಹಾಸದಲ್ಲಿ ನೋಯಿಸುವ ಅಧ್ಯಾಯ.

ಮಾರ್ಮನ್ ನಂಬಿಕೆಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಸತ್ತವರ ಕುರಿತದ್ದು. ಕ್ರಿಸ್ತನ ಹೆಸರೇ ಕೇಳದೆ ಸತ್ತವರ ಗತಿಯೇನು ಎಂಬುದು ಕ್ರೈಸ್ತ ಧರ್ಮವನ್ನು ಉದ್ದಕ್ಕೂ ಕಾಡಿದ ಪ್ರಶ್ನೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಸತ್ತವರಿಗಾಗಿ ದೀಕ್ಷಾಸ್ನಾನ ಪಡೆಯುವವರ ಪ್ರಸ್ತಾಪ ಬರುತ್ತದೆ. ಉಳಿದ ಸಭೆಗಳು ದಾಟಿಹೋದ ಆ ವಾಕ್ಯವನ್ನು ಸ್ಮಿತ್ 1840ರಲ್ಲಿ ಆಚರಣೆಯಾಗಿಸಿದ. ಬದುಕಿರುವ ಮೊಮ್ಮಗಳು ಸತ್ತ ಅಜ್ಜಿಯ ಹೆಸರಿನಲ್ಲಿ ನೀರಿಗಿಳಿಯುತ್ತಾಳೆ. ಅದನ್ನು ಒಪ್ಪುವುದೂ ಬಿಡುವುದೂ ಪರಲೋಕದಲ್ಲಿರುವ ಅಜ್ಜಿಗೆ ಬಿಟ್ಟದ್ದು. ಇದಕ್ಕಾಗಿ ಪೂರ್ವಿಕರ ಹೆಸರು ಹುಡುಕುತ್ತ ಹುಡುಕುತ್ತ ಈ ಸಭೆ ಜಗತ್ತಿನ ಅತಿ ದೊಡ್ಡ ವಂಶಾವಳಿ ಸಂಗ್ರಹ ಕಟ್ಟಿತು. ಸಾಲ್ಟ್ ಲೇಕ್ ಸಿಟಿಯ ಬಳಿ ಗ್ರಾನೈಟ್ ಬೆಟ್ಟದೊಳಗೆ ಕೊರೆದ ಕಾಪು ಕೋಣೆಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಮೈಕ್ರೋಫಿಲ್ಮ್ ಸುರುಳಿಗಳಿವೆ. ನಾಜಿಗಳ ಕೈಯಲ್ಲಿ ಸತ್ತ ಯಹೂದ್ಯರ ಹೆಸರಿನಲ್ಲೂ ಈ ಸ್ನಾನ ನಡೆದದ್ದು ಗೊತ್ತಾದಾಗ ಯಹೂದ್ಯರು ಸಿಟ್ಟಾದರು. ಅವರ ಸಿಟ್ಟು ನ್ಯಾಯವಾದದ್ದು. ನಿಲ್ಲಿಸುವುದಾಗಿ ಸಭೆ 1995ರಲ್ಲಿ ಒಪ್ಪಿಕೊಂಡಿತು. 2008ರಲ್ಲಿ ವ್ಯಾಟಿಕನ್ ಕೂಡ ಚರ್ಚುಗಳ ದಾಖಲೆ ಪುಸ್ತಕಗಳನ್ನು ಅವರಿಗೆ ಕೊಡಬಾರದೆಂದು ತನ್ನ ಬಿಷಪ್‌ಗಳಿಗೆ ಸೂಚಿಸಿತು.

ಸತ್ತವರ ಹೆಸರಿನ ಈ ದೀಕ್ಷಾಸ್ನಾನ ನಡೆಯುವುದು ಭಾನುವಾರದ ಪ್ರಾರ್ಥನಾ ಮಂದಿರದಲ್ಲಲ್ಲ, ಅರ್ಹ ಸದಸ್ಯರಿಗೆ ಮಾತ್ರ ಪ್ರವೇಶವಿರುವ ದೇವಾಲಯದಲ್ಲಿ. ಭಾರತದ ಮೊದಲ ಮಾರ್ಮನ್ ದೇವಾಲಯಕ್ಕೆ ಬೆಂಗಳೂರನ್ನು ಆರಿಸಿದ್ದನ್ನು 2018ರ ಏಪ್ರಿಲ್‌ನಲ್ಲಿ ಪ್ರಕಟಿಸಲಾಯಿತು. 2020ರ ಡಿಸೆಂಬರ್‌ನಲ್ಲಿ ಕೆಲಸಕ್ಕೆ ಗುದ್ದಲಿ ಬಿತ್ತು. ಭಾನುವಾರದ ಕೂಟ ಎಲ್ಲರಿಗೂ ತೆರೆದಿರುತ್ತದೆ. ಅಲ್ಲಿ ಶಿಲುಬೆ ಇರದು, ಸಂಬಳ ಪಡೆಯುವ ಪಾದ್ರಿ ಇರರು, ದ್ರಾಕ್ಷಾರಸದ ಬದಲು ರೊಟ್ಟಿಯ ಜೊತೆ ನೀರು ಹಂಚುತ್ತಾರೆ. ಮದ್ಯ, ತಂಬಾಕು, ಕಾಫಿ, ಚಹಾ ಅವರಿಗೆ ನಿಷಿದ್ಧ.

ಹಾಗಾದರೆ ಅವರು ಕ್ರೈಸ್ತರೇ? ಯೇಸುವನ್ನು ರಕ್ಷಕನೆಂದು ನಂಬಿ, ಆತನ ಶಿಲುಬೆಮರಣದಿಂದ ಪಾಪಪರಿಹಾರ, ಪುನರುತ್ಥಾನದಿಂದ ಮರಣದ ಮೇಲೆ ಜಯ ಎಂದು ಸಾರುವವರಿಗೆ ಆ ಹೆಸರನ್ನು ನಿರಾಕರಿಸಲು ನನಗೆ ಮನಸ್ಸು ಬಾರದು. ನೈಸೀಯಕ್ಕೂ ಹಿಂದೆ ಕ್ರೈಸ್ತರಿದ್ದರು. ಆದರೆ ನೈಸೀಯದ ವಿಶ್ವಾಸಪ್ರಮಾಣವೇ ಗಡಿ ಎನ್ನುವವರ ಮಾತಿನಲ್ಲಿ ದ್ವೇಷ ಕಾಣುವುದೂ ತಪ್ಪು. ಅವರು ಕಾಯುತ್ತಿರುವುದು ತಮ್ಮ ದೇವರ ಕಲ್ಪನೆಯನ್ನು.

ಗೆರೆ ಬಿದ್ದಿರುವುದು ‘ಬುಕ್ ಆಫ್ ಮಾರ್ಮನ್’ ಎಂಬ ಪುಸ್ತಕದಿಂದ ಅಲ್ಲ ಎಂಬುದಕ್ಕೆ ಒಂದು ಸಾಕ್ಷ್ಯವಿದೆ. ಸ್ಮಿತ್ ಸತ್ತ ಮೇಲೆ ಹೆಚ್ಚಿನವರ ಮುಂದಾಳಾದ ಬ್ರಿಗಮ್ ಯಂಗ್‌ನ ಹಿಂದೆ 1847ರಲ್ಲಿ ಯೂಟಾಗೆ ಹೋಗದೆ ಉಳಿದವರಲ್ಲಿ ಹಲವರು 1860ರಲ್ಲಿ ಸ್ಮಿತ್‌ನ ಮಗನನ್ನೇ ಮುಂದಾಳಾಗಿ ಆರಿಸಿಕೊಂಡರು. ಅವರ ಸಭೆಗೆ ಈಗ ‘ಕಮ್ಯುನಿಟಿ ಆಫ್ ಕ್ರೈಸ್ಟ್’ ಎಂದು ಹೆಸರು. ‘ಬುಕ್ ಆಫ್ ಮಾರ್ಮನ್’ ಅವರಿಗೂ ಧರ್ಮಗ್ರಂಥ. ಆದರೆ ಅವರು ತ್ರಯೇಕ ದೇವರನ್ನು ಒಪ್ಪುತ್ತಾರೆ, ಸತ್ತವರಿಗಾಗಿ ದೀಕ್ಷಾಸ್ನಾನ ನಡೆಸುವುದಿಲ್ಲ. 2010ರಲ್ಲಿ ಅಮೆರಿಕದ ಪ್ರೊಟೆಸ್ಟೆಂಟ್ ಮತ್ತು ಆರ್ಥೊಡಾಕ್ಸ್ ಸಭೆಗಳ ರಾಷ್ಟ್ರೀಯ ಮಂಡಳಿ ಅವರನ್ನು ತನ್ನ ಸದಸ್ಯರಾಗಿ ಸೇರಿಸಿಕೊಂಡಿತು.