ಚಿತ್ರದುರ್ಗದ ಕೋಟೆಯೂ ಅದರ ಸುತ್ತಣ ಕಟ್ಟಡಗಳ ನಿಯಮಗಳೂ

ಚಿತ್ರದುರ್ಗದ ಕೋಟೆಗೆ ಏಳು ಸುತ್ತಿನ ಕೋಟೆಯೆಂಬ ಹೆಸರಿರುವುದು ಸುವಿದಿತವಾಗಿದೆ. ಈ ಸುತ್ತುಗಳಲ್ಲಿ ಕೆಲವು ಬೆಟ್ಟದ ಮೇಲಿವೆ. ಕೆಲವು ಕೆಳಗಣ ಬಯಲಿನಲ್ಲಿ ಊರನ್ನೇ ಒಳಗೊಂಡಿದ್ದವು. ಊರ ನಡುವೆ ಉಳಿದಿರುವ ರಂಗಯ್ಯನ ಬಾಗಿಲು ಇದಕ್ಕೆ ಸಾಕ್ಷಿ. ಸ್ಮಾರಕವೂ ವಸತಿಯೂ ಹೀಗೆ ಬೆರೆತಿರುವ ಊರಿನಲ್ಲಿ ಮನೆ ಕಟ್ಟುವವನು ಯಾವ ನಿಯಮಗಳಿಗೆ ಬದ್ಧನೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸುವೆವು.

ಮೊದಲನೆಯದು ಸಾಮಾನ್ಯ ನಿಯಮ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಿಯೇ ಆಗಲಿ, ಪಟ್ಟಣದ ಮಿತಿಯಲ್ಲಿ ಕಟ್ಟುವವನು ನಕ್ಷೆಯೊಡನೆ ಅರ್ಜಿ ಸಲ್ಲಿಸಿ ಸ್ಥಳೀಯ ಪೌರಸಂಸ್ಥೆಯ ಪರವಾನಗಿ ಪಡೆಯಬೇಕು. ರಸ್ತೆಯ ಅಗಲ, ಬಿಡಬೇಕಾದ ತೆರವು, ಕಟ್ಟಡದ ಎತ್ತರ ಮೊದಲಾದವು ಇಲ್ಲಿ ಪರಿಶೀಲಿತವಾಗುತ್ತವೆ. ನೆರೆಯವರ ಗಾಳಿಬೆಳಕುಗಳನ್ನೂ ಸುರಕ್ಷತೆಯನ್ನೂ ಕಾಯುವುದು ಇದರ ಉದ್ದೇಶ.

ಎರಡನೆಯದು ಕೇಂದ್ರದಿಂದ ಸಂರಕ್ಷಿತವಾದ ಸ್ಮಾರಕಗಳಿಗೆ ಸಂಬಂಧಿಸಿದುದು. ಪ್ರಾಚೀನ ಸ್ಮಾರಕಗಳ 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯ ಮೇರೆಗೆ, ಸಂರಕ್ಷಿತ ಎಲ್ಲೆಯಿಂದ 100 ಮೀಟರುಗಳವರೆಗೆ ನಿಷೇಧಿತ ಪ್ರದೇಶ. ಅಲ್ಲಿಂದಾಚೆ ಮತ್ತೆ 200 ಮೀಟರುಗಳು ನಿಯಂತ್ರಿತ ಪ್ರದೇಶ. ಅಳತೆಯು ಕಣ್ಣಿಗೆ ಕಾಣುವ ಗೋಡೆಯಿಂದಲ್ಲ, ಸಂರಕ್ಷಿತ ಪ್ರದೇಶದ ಎಲ್ಲೆಯಿಂದ ಆರಂಭವಾಗುತ್ತದೆಂಬುದನ್ನು ಗಮನಿಸಬೇಕು. ಮೊದಲನೆಯ ವಲಯದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಎರಡನೆಯದರಲ್ಲಿ ಸಕ್ಷಮ ಪ್ರಾಧಿಕಾರಿಯ ಅನುಮತಿ ಬೇಕು. ಆತನು ಅರ್ಜಿಯನ್ನು 15 ದಿನಗಳೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸತಕ್ಕದ್ದು. ಪೌರಸಂಸ್ಥೆಯ ಪರವಾನಗಿಯು ಈ ಅನುಮತಿಗೆ ಬದಲಾಗದು. ಉಲ್ಲಂಘನೆಗೆ ಎರಡು ವರ್ಷಗಳವರೆಗೆ ಸೆರೆಮನೆವಾಸ, ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಇಷ್ಟು ಕಟ್ಟುನಿಟ್ಟೇಕೆ ಎಂದು ಕೇಳಬಹುದು. ನೋಟದ ಅಂದವೊಂದೇ ಇದಕ್ಕೆ ಕಾರಣವಲ್ಲ. ಊರಿನ ಮಗ್ಗುಲಲ್ಲಿರುವ ಚಂದ್ರವಳ್ಳಿಯಲ್ಲಿ 1947ರಲ್ಲಿ ವೀಲರ್ ಅವರು ಉತ್ಖನನ ನಡೆಸಿದರು. ಅಲ್ಲಿಯ ನೆಲದಲ್ಲಿ ದೊರೆತ ಶಾತವಾಹನ ನಾಣ್ಯಗಳೂ ರೋಮನ್ ನಾಣ್ಯಗಳೂ ನಾಯಕರ ಕಾಲಕ್ಕಿಂತ ಎಷ್ಟೋ ಹಿಂದಣ ಬಾಳನ್ನು ಬೆಳಕಿಗೆ ತಂದವು. ಇಂತಹ ನೆಲದಲ್ಲಿ ತೋಡಿದ ಒಂದು ಅಸ್ತಿಭಾರವು ಓದದ ಪುಟವನ್ನೇ ಹರಿದುಹಾಕಬಹುದು. ಅದನ್ನು ಮತ್ತೆ ಬರೆಯಲಾಗದು.

ಆದರೆ ನಿಷೇಧಿತ ವಲಯದಲ್ಲಿಯೂ ತಲೆಮಾರುಗಳಿಂದ ಬಾಳುವ ಕುಟುಂಬಗಳಿರಬಹುದು. ಸೋರುವ ಮಾಡನ್ನು ಮುಟ್ಟಲೂ ಬಾರದೆಂದು ಬಗೆದು ಮನೆಯನ್ನು ಬೀಳಗೊಡುವುದು ಒಂದು ಅತಿ. ಮರೆಯಲ್ಲಿ ಕೆಡವಿ ಕಟ್ಟುವುದು ಇನ್ನೊಂದು ಅತಿ. ಕಾಯಿದೆಯು ಎರಡನ್ನೂ ಬಯಸಿಲ್ಲ. 1992ರ ಜೂನ್ 16ಕ್ಕೆ ಮುಂಚೆಯೇ ಇದ್ದ ಕಟ್ಟಡದ ಒಡೆಯನು ದುರಸ್ತಿಗೂ ನವೀಕರಣಕ್ಕೂ ಅರ್ಜಿ ಸಲ್ಲಿಸಬಹುದು. ಆದುದರಿಂದ ಹಳೆಯ ಮನೆಯ ಪತ್ರಗಳನ್ನೂ ಕಂದಾಯದ ರಸೀದಿಗಳನ್ನೂ ಜೋಪಾನವಾಗಿಡುವುದು ಲೇಸು. ನಿಯಮವನ್ನು ಅರಿತ ಒಡೆಯನಿಂದ ಮನೆಯೂ ಉಳಿದೀತು, ಕೋಟೆಯೂ ಉಳಿದೀತು.